ಸೀನುಮೀಮಾಂಸೆ, ಅರ್ಥಾತ್ ರೋಗಾಣುವಿನ ಪಾತ್ರವಿಚಾರ

ರೋಗಾಣುವು ಮನುಷ್ಯದೇಹವನ್ನು ಹೊಕ್ಕು ಕಾಡುವುದೆಂಬುದು ಲೋಕಪ್ರಸಿದ್ಧವಾದ ಪೂರ್ವಪಕ್ಷ. ಆದರೆ ಕಾಡುವವರಾರು, ಕಾಡಿಸಿಕೊಳ್ಳುವವರಾರು ಎಂಬ ಮೂಲಪ್ರಶ್ನೆ ಇನ್ನೂ ಇತ್ಯರ್ಥವಾಗದಿರುವುದರಿಂದ, ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯಲ್ಲಿ ಒಂದರ ಹಿಂದೊಂದು ಬರುವ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನೇ ಪ್ರಮಾಣತ್ರಯವಾಗಿಟ್ಟುಕೊಂಡು ಈ ಗ್ರಂಥವನ್ನು ಆರಂಭಿಸಲಾಗಿದೆ.

ಬ್ಯಾಡಗಿಯದು ಪ್ರತ್ಯಕ್ಷಪ್ರಮಾಣ. ಸುಗ್ಗಿಯ ದಿನಗಳಲ್ಲಿ ಅಲ್ಲಿಯ ಮಾರುಕಟ್ಟೆಯಲ್ಲಿ ಹಮಾಲನು ಚೀಲದ ಬಾಯಿ ಬಿಚ್ಚಿ ಸುಕ್ಕುಗಟ್ಟಿದ ಕೆಂಪುಗಾಯಿಗಳನ್ನು ರಾಶಿಗೆ ಸುರುವಿದೊಡನೆ ಘಾಟೆದ್ದು, ರೈತ, ದಲಾಲ, ಗುಮಾಸ್ತರೆಂಬ ಭೇದವಿಲ್ಲದೆ ಸಮಸ್ತರೂ ಸೀನುವರು. ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ, ಗಂಟಲಲ್ಲಿ ಕೆಮ್ಮು, ಹೀಗೆ ನೆಗಡಿಯ ಸಕಲಲಕ್ಷಣಗಳೂ ಸಂಪನ್ನವಾಗುವುವು. ಬಣ್ಣಕ್ಕೆ ಹೆಸರಾಗಿ ಖಾರದಲ್ಲಿ ಸೌಮ್ಯವೆನಿಸಿದ ಆ ಕಾಯಿಯ ಅಪರಾಧವಾದರೂ ಏನು? ಅದರ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಬಿಸಿಯನ್ನರಿಯುವ ನರಾಗ್ರಗಳನ್ನು ಮುಟ್ಟಿ, ಸುಡದೆಯೇ ಸುಟ್ಟಿತೆಂಬ ಸುಳ್ಳುಸುದ್ದಿಯನ್ನು ಕಳಿಸುವುದು, ಅಷ್ಟೆ. ನೆಗಡಿಯ ರೈನೋವೈರಸ್ಸೂ ಮೂಗಿನ ಒಳಪೊರೆಯ ಕೆಲವು ಕೋಶಗಳನ್ನು ಹೊಕ್ಕು ತನ್ನ ಸಂತಾನವನ್ನು ಬೆಳೆಸಿಕೊಳ್ಳುವುದಷ್ಟೇ. ಮಿಕ್ಕ ಗದ್ದಲದ ಬಹುಭಾಗ ದೇಹದ ಸ್ವಯಂಕೃತ. ಭೇದವಿಷ್ಟೆ: ಮೆಣಸಿನಕಾಯಿಗೆ ಸೀನಿನಿಂದ ಯಾವ ಲಾಭವೂ ಇಲ್ಲ, ವೈರಸ್ಸಿಗೆ ಅದು ಬಿಟ್ಟಿ ಬಂಡಿ.

ರಾಣೇಬೆನ್ನೂರಿನದು ಬೀಜವಾದ. ಬೀಜೋತ್ಪಾದನೆಯಲ್ಲಿ ಪಳಗಿದ ಆ ಸೀಮೆಯವರಿಗೆ, ಬೀಜ ಚಿಟಿಕೆಯಷ್ಟಾದರೂ ದುಡಿಮೆಯೆಲ್ಲ ನೆಲದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲರಾ ಇದಕ್ಕೆ ದೃಷ್ಟಾಂತ. ಅಲ್ಪವಿರಾಮದ ಆಕೃತಿಯ ಆ ಜೀವಿ ಕರುಳಿನ ಗೋಡೆಯನ್ನು ಒಡೆಯುವುದಿಲ್ಲ. ಮೇಲ್ಪೊರೆಗೆ ಅಂಟಿ ಕುಳಿತು ವಿಷವನ್ನು ಸ್ರವಿಸುವುದು. ಜೀವಿಯನ್ನು ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳನ್ನು ನೀರಿನಿಂದ ತುಂಬಿಸಬಲ್ಲದೆಂದು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ತೋರಿಸಿಕೊಟ್ಟರು. ವಿಷದ ಆಜ್ಞೆಯಾದುದೇ ತಡ, ನಮ್ಮ ಕರುಳಿನ ಕೋಶಗಳೇ ಉಪ್ಪನ್ನೂ ನೀರನ್ನೂ, ವ್ಯಾಧಿ ಉಲ್ಬಣಿಸಿದಲ್ಲಿ ತಾಸಿಗೆ ಒಂದು ಲೀಟರಿನವರೆಗೆ, ಹೊರಚೆಲ್ಲುವುವು. ಆ ನೀರು ಕೆರೆಯನ್ನು ಸೇರಿತೆಂದರೆ ಮುಂದಿನ ಬಿತ್ತನೆಯೂ ಆದಂತೆಯೇ.

ಹಾವೇರಿಯದು ಸತ್ಕಾರವಾದ. ಗಣ್ಯರು ಬಂದರೆ ಏಲಕ್ಕಿಯ ಹಾರ ಹಾಕದೆ ಬಿಡದ ಆ ಊರಿನ ಮತದಂತೆ, ಜ್ವರವೆಂಬುದು ಅತಿಥಿಗೆ ಸಹಿಸಲಾರದಷ್ಟು ಉಪಚಾರ ಮಾಡಿ ಓಡಿಸುವ ಉಪಾಯ. ಮಿದುಳಿನ ಹೈಪೊಥಲಾಮಸ್ ತಾಪದ ಗುರಿಯನ್ನು 37 ಡಿಗ್ರಿಯಿಂದ ಮೇಲಕ್ಕೇರಿಸುವುದು. ಮೈ ಇನ್ನೂ ಆ ಗುರಿಯನ್ನು ಮುಟ್ಟದ ಕಾರಣ ಚಳಿ ಹುಟ್ಟುವುದು. ಕಾವೇರುತ್ತಿರುವ ರೋಗಿಯೇ ಹಲ್ಲು ಕಟಕಟಿಸುತ್ತ ಇನ್ನೊಂದು ಕಂಬಳಿಯನ್ನು ಬೇಡುವನು.

ಆದುದರಿಂದ ಸಿದ್ಧಾಂತ: ರೋಗಾಣು ನಿಮಿತ್ತಕಾರಣ, ಉಪಾದಾನಕಾರಣ ದೇಹವೇ. ಹಾಗಾದರೆ ನೀರನ್ನು ಕಾಯಿಸುವುದೇಕೆಂಬ ಆಕ್ಷೇಪಕ್ಕೆ, ನಿಮಿತ್ತ ಒದಗದೆ ಉಪಾದಾನ ಕೆರಳದಾದ್ದರಿಂದ ಕಾಯಿಸಲೇಬೇಕೆಂಬುದು ಸಮಾಧಾನ.

ಇನ್ನು ಫಲಶ್ರುತಿ. ಇದನ್ನು ಓದಿದವನು ಶತಾಯುಷಿಯಾಗುವನೆನ್ನಲು ಗ್ರಂಥಕರ್ತನಿಗೆ ಧೈರ್ಯವಿಲ್ಲ. ಪಕ್ಕದವನ ಹೆಗಲನ್ನು ಬಿಟ್ಟು ತನ್ನ ವಸ್ತ್ರದೊಳಗೇ ಸೀನುವನಾದರೆ ಅಷ್ಟೇ ಸಾಕು. ಏಕೆಂದರೆ ಅದು ಕಾಯಿಯ ಸೀನೋ ವೈರಸ್ಸಿನ ಸೀನೋ ಎಂದು ವಿಚಾರಿಸಲು ಬ್ಯಾಡಗಿಯ ದಲಾಲನಿಗೆ ಪುರುಸೊತ್ತಿಲ್ಲ.