ದೂರದಿಂದಲೇ ತೊಟ್ಟಿಲು ತೂಗುವ ಮಹನೀಯರಿಗೊಂದು ಬಿನ್ನವತ್ತಳೆ

ಶಿಶುಶಿಕ್ಷಣದ ಯೋಜನೆಗಳನ್ನು ರಚಿಸುವ, ರಚಿಸಿದವನ್ನು ಅನುಮೋದಿಸುವ, ಅನುಮೋದಿಸಿದವು ಸಾಂಗವಾಗಿ ನಡೆಯುತ್ತಿವೆಯೆಂದು ವರದಿ ಬರೆಯುವ ಸಮಸ್ತ ಮಹನೀಯರ ಸನ್ನಿಧಾನಕ್ಕೆ, ತಿರುಮಕೂಡಲು ನರಸೀಪುರ ತಾಲ್ಲೂಕಿನ ನಿವೃತ್ತ ಕನ್ನಡ ಪಂಡಿತನೊಬ್ಬನು ಮಾಡುವ ಅನೇಕ ವಿಜ್ಞಾಪನೆಗಳು.

ಪತ್ರ ಬರೆಯಲು ಇವನಿಗೇನು ಅಧಿಕಾರವೆಂದು ತಾವು ಕೇಳುವುದಕ್ಕೆ ಮುಂಚೆಯೇ ನಮ್ಮ ತಾಲ್ಲೂಕಿನ ಹಿರಿಮೆಯನ್ನು ಅರಿಕೆಮಾಡಿಕೊಳ್ಳುತ್ತೇನೆ. 1975ನೆಯ ಇಸವಿ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದಾಗ, ಕರ್ನಾಟಕದ ಪಾಲಿಗೆ ಆ ಭಾಗ್ಯ ಒದಗಿದ್ದು ಕಾವೇರಿ ಕಪಿಲೆಯರು ಕೂಡುವ ಈ ಕ್ಷೇತ್ರಕ್ಕೆ. ಪ್ರಯೋಗಕ್ಕೆ ಒಳಗಾದವರಿಗೆ ಆ ಪ್ರಯೋಗದ ಕುರಿತು ಒಂದೆರಡು ಮಾತಾಡುವ ಹಕ್ಕು ಉಂಟೆಂದಾದರೆ, ಆ ಹಕ್ಕು ಮೊದಲು ನಮಗೆ ಸಲ್ಲತಕ್ಕದ್ದು. ಅದಲ್ಲದೆ ನಮ್ಮ ಮನೆಯ ಜಗಲಿಗೂ ಬೀದಿಯ ಅಂಗನವಾಡಿಯ ಕಿಟಕಿಗೂ ನಡುವೆ ಇರುವುದು ಒಂದು ಮೋರಿ ಮಾತ್ರ; ಆದಕಾರಣ ನಾನು ಮುಂದೆ ನಿವೇದಿಸುವುದರಲ್ಲಿ ಶ್ರುತಿಪ್ರಮಾಣವೂ ಉಂಟು, ಪ್ರತ್ಯಕ್ಷಪ್ರಮಾಣವೂ ಉಂಟು.

ಮೊದಲಿಗೆ ಅಭಿನಂದನೆ. 2020ನೆಯ ಇಸವಿಯ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85 ಪಾಲಿಗಿಂತಲೂ ಹೆಚ್ಚು ಆರು ವರ್ಷ ತುಂಬುವುದರೊಳಗಾಗಿಯೇ ನಡೆದುಹೋಗುತ್ತದೆಂಬ ಸತ್ಯವನ್ನು ತಾವು ಅಂಗೀಕರಿಸಿದ್ದೀರಿ. ಇಷ್ಟು ಗಹನವಾದ ಸತ್ಯವನ್ನು ಕಂಡವರು ಸುಮ್ಮನೆ ಕುಳಿತಾರೆಯೆ? ಆ 85 ಪಾಲನ್ನು ನೋಡಿಕೊಳ್ಳುವ ಅಂಗನವಾಡಿಯ ಹೆಂಗಸು ಪಿಯುಸಿ ಮುಗಿಸಿದ್ದರೆ ಆರು ತಿಂಗಳ ಸರ್ಟಿಫಿಕೇಟು, ಮುಗಿಸದಿದ್ದರೆ ಒಂದು ವರ್ಷದ ಡಿಪ್ಲೊಮಾ ಎಂದು ಗೊತ್ತುಮಾಡಿ, ಅದನ್ನು ಡಿಟಿಎಚ್ ವಾಹಿನಿಗಳ ಮೂಲಕವೂ ಸ್ಮಾರ್ಟ್‌ಫೋನಿನ ಮೂಲಕವೂ ದೂರದಿಂದಲೇ ದಯಪಾಲಿಸಬಹುದೆಂದೂ, ತಿಂಗಳಿಗೆ ಒಂದಾದರೂ ಸಂಪರ್ಕ ತರಗತಿ ನಡೆಯತಕ್ಕದ್ದೆಂದೂ, ಇದರಿಂದ ಆಕೆ ಈಗ ಮಾಡುತ್ತಿರುವ ಕೆಲಸಕ್ಕೆ ಅತ್ಯಲ್ಪವಾದ ಅಡಚಣೆ ಮಾತ್ರ ಉಂಟಾಗುವುದೆಂದೂ ವಿಧಿಸಿದಿರಿ. ಉಳಿದ 15 ಪಾಲನ್ನು ನೋಡಿಕೊಳ್ಳುವವರಿಗಾದರೋ ಬಿ.ಎಡ್., ಎಂ.ಎಡ್., ಪಿಎಚ್.ಡಿ., ಯುಜಿಸಿ ವೇತನಶ್ರೇಣಿ ಇವೆಲ್ಲವೂ ಅನಿವಾರ್ಯವಾದವು. ಮಿದುಳು ಅಷ್ಟುಹೊತ್ತಿಗೆ ಬಲಿತುಬಿಟ್ಟಿರುವುದರಿಂದ ಅದರೊಳಕ್ಕೆ ಏನನ್ನಾದರೂ ತುರುಕಬೇಕಾದರೆ ಹೆಚ್ಚಿನ ಬಲಪ್ರಯೋಗ ಬೇಕಾಗುವುದೆಂಬುದನ್ನು, ಕಾಲೇಜು ಹುಡುಗರಿಗೆ ಹಳಗನ್ನಡ ಕಲಿಸಿದ ನಾನು ಮನಸಾ ಒಪ್ಪುತ್ತೇನೆ.

ಈಗ ಆ ‘ಅತ್ಯಲ್ಪ ಅಡಚಣೆ’ಯ ವಿಚಾರ. ಅಡಚಣೆ ಎಷ್ಟು ಅಲ್ಪವೆಂದು ತಿಳಿಯಬೇಕಾದರೆ ಅಡಚಣೆಗೊಳಗಾಗುವ ಕೆಲಸ ಎಷ್ಟೆಂಬುದನ್ನು ಅಳೆಯಬೇಕಷ್ಟೆ. ನಮ್ಮ ಬೀದಿಯ ಟೀಚರಮ್ಮನವರು ಬೆಳಿಗ್ಗೆ ಬಂದು ಸಹಾಯಕಿಯೊಡನೆ ಕಸ ಗುಡಿಸಿ, ಬಾರದ ಮಕ್ಕಳ ಮನೆಗಳಿಗೆ ಹೋಗಿ ಕರೆತಂದು, ಮೂಗು ಒರೆಸಿ, ಹಾಲು ಕಾಯಿಸಿ ಕುಡಿಸಿ, ‘ಚಿಲಿಪಿಲಿ’ ಪಠ್ಯದಂತೆ ಹಾಡಿಸಿ ಆಡಿಸಿ, ಮೊಟ್ಟೆಯ ದಿನ ಮೊಟ್ಟೆ ಬೇಯಿಸಿ ಸುಲಿದುಕೊಟ್ಟು, 2017ರಿಂದ ಮಾತೃಪೂರ್ಣ ಯೋಜನೆಯ ಪ್ರಕಾರ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಲ್ಲಿಯೇ ಮಧ್ಯಾಹ್ನದ ಊಟ ಬಡಿಸಿ, ಕೂಸುಗಳನ್ನು ತಕ್ಕಡಿಗೆ ತೂಗುಹಾಕಿ ತೂಕ ಬರೆದು, ಬರೆದದ್ದನ್ನು 2021ರಲ್ಲಿ ಅವತರಿಸಿದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿನಲ್ಲಿ ಮತ್ತೊಮ್ಮೆ ಬರೆದು, ಮನೆಗೆ ಒಯ್ಯುವ ಆಹಾರದ ಪೊಟ್ಟಣ ಕೊಡುವುದಕ್ಕೆ ಮುಂಚೆ ಬಾಣಂತಿಯ ಮುಖವನ್ನು ಫೋನಿಗೆ ತೋರಿಸಿ ಅದು ಅವಳದೇ ಮುಖವೆಂದು ಒಪ್ಪಿಸುತ್ತಾರೆ. ಆ ಹುಡುಗಿ ಇದೇ ಅಂಗನವಾಡಿಯಲ್ಲಿ ಇದೇ ಟೀಚರಮ್ಮನ ಕೈಯಲ್ಲಿ ಹಾಲು ಕುಡಿದು ಬೆಳೆದವಳೆಂಬುದು ಸಾಕ್ಷ್ಯವಾಗಲಾರದು. ಇದರ ಮೇಲೆ ಪೋಲಿಯೊ ಹನಿ, ಮತದಾರರ ಪಟ್ಟಿ, ಯಾವ ಇಲಾಖೆಯದೆಂದು ಯಾರಿಗೂ ನೆನಪಿಲ್ಲದ ಸಮೀಕ್ಷೆಗಳು. ಇಷ್ಟನ್ನೂ ಮಾಡಿ ಮುಗಿಸಿದ ಮೇಲೆ ಉಳಿಯುವ ವಿಸ್ತಾರವಾದ ವಿರಾಮದಲ್ಲಿ ಆಕೆ ವಿದ್ಯಾರ್ಥಿನಿಯಾಗತಕ್ಕದ್ದು.

ಆ ವಿರಾಮದ ಒಂದು ದೃಶ್ಯವನ್ನು ಕಿಟಕಿಯಿಂದ ಕಂಡಿದ್ದೇನೆ. ಮಧ್ಯಾಹ್ನದ ಹೊತ್ತು, ತೊಗರಿಬೇಳೆಯ ಡಬ್ಬಕ್ಕೆ ಫೋನನ್ನು ಆನಿಸಿಟ್ಟುಕೊಂಡು, ಸಿಗ್ನಲ್ಲು ತಪ್ಪೀತೆಂಬ ಭಯದಿಂದ ಕತ್ತು ಆಚೀಚೆ ಹೊರಳಿಸದೆ ಟೀಚರಮ್ಮನವರು ತರಬೇತಿಯ ಪಾಠ ನೋಡುತ್ತಿದ್ದರು. ಮಗುವು ಮಾತಾಡಲು ಬಂದಾಗ ಕೈಯಲ್ಲಿರುವ ಕೆಲಸವನ್ನು ಬಿಟ್ಟು ಅದರ ಎತ್ತರಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು ಆಲಿಸಬೇಕೆಂದು ಫೋನಿನೊಳಗಿನ ವಿದುಷಿಯು ಬೋಧಿಸುತ್ತಿದ್ದರು. ಅದೇ ಸಮಯಕ್ಕೆ ಚಡ್ಡಿ ಜಾರುತ್ತಿದ್ದ ಪೋರನೊಬ್ಬ ಹಿಡಿ ತುಂಬ ಹುಣಿಸೆಬೀಜ ಹಿಡಿದುಕೊಂಡು ಬಂದು, ಅದರಲ್ಲಿ ತಾನು ಕಂಡುಹಿಡಿದ ಏನೋ ಒಂದು ಅದ್ಭುತವನ್ನು ಹೇಳಲು ಸೆರಗು ಜಗ್ಗತೊಡಗಿದ. ಟೀಚರಮ್ಮ ಪರದೆಯಿಂದ ಕಣ್ಣು ಕೀಳದೆಯೇ, “ತಡಿಯಪ್ಪಾ ಕಂದಾ, ಮಕ್ಕಳ ಮಾತು ಹೆಂಗೆ ಕೇಳ್ಬೇಕು ಅಂತ ಹೇಳ್ತಾವ್ರೆ” ಎಂದರು. ಶಿಕ್ಷಣಶಾಸ್ತ್ರದ ಚರಿತ್ರೆಯಲ್ಲಿ ಸಿದ್ಧಾಂತಕ್ಕೂ ಪ್ರಯೋಗಕ್ಕೂ ಇಷ್ಟು ನಿಕಟವಾದ ಸಂಪರ್ಕ ತರಗತಿ ಬೇರೊಂದು ನಡೆದಿರಲಾರದು.

ಇದು ಸರ್ಕಾರದ ಮಾತಾಯಿತು. ಸರ್ಕಾರದ ನಿಧಾನವನ್ನು ಸಹಿಸಲಾರದ ಲೋಕೋಪಕಾರಿಗಳೂ ನಮ್ಮಲ್ಲಿ ಉಂಟು. ಸರ್ಕಾರಿ ಶಾಲೆಗಳಲ್ಲಿಯೇ ಎಲ್‌ಕೆಜಿ, ಯುಕೆಜಿ ತೆರೆಯತೊಡಗಿದಾಗ, ಮಕ್ಕಳೆಲ್ಲ ಅತ್ತ ಹೋದರೆ ತಮ್ಮ ಗತಿ ಏನೆಂದು ಅಂಗನವಾಡಿ ಕಾರ್ಯಕರ್ತೆಯರು ದಿಗಿಲುಬಿದ್ದರು; ಆ ದಿಗಿಲಿನ ಬೆಳೆಯನ್ನು ಕೊಯ್ದುಕೊಳ್ಳಲು ಊರಿನ ವಿದ್ಯುತ್ ಕಂಬಗಳ ಮೇಲೆ ಭಿತ್ತಿಪತ್ರಗಳು ಪ್ರತ್ಯಕ್ಷವಾದವು. ಮನೆಯಲ್ಲಿಯೇ ಕುಳಿತು ಆರೇ ತಿಂಗಳಲ್ಲಿ ನರ್ಸರಿ ಟೀಚರ್ ಆಗಬಹುದು, ಮಕ್ಕಳ ಮುಖ ನೋಡುವ ತೊಂದರೆ ಇಲ್ಲ ಎಂಬುದು ಅವುಗಳ ತಾತ್ಪರ್ಯ. ನಮ್ಮ ಟೀಚರಮ್ಮನವರು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಅಂಥ ಒಂದು ಸಂಸ್ಥೆಗೆ ಶುಲ್ಕ ತೆತ್ತರು. ಕೆಲವು ವಾರಗಳ ತರುವಾಯ ನಾಲ್ಕು ಪುಸ್ತಕಗಳ ಕಟ್ಟೊಂದು ಅಂಚೆಯಲ್ಲಿ ಬಂದಿತು. ಅವುಗಳ ಕನ್ನಡವು ಯಾವ ಭಾಷೆಯಿಂದ ಹೊರಟು ಎಲ್ಲಿಗೆ ಬಂದು ತಲಪಿದೆಯೆಂಬುದನ್ನು ನಲವತ್ತು ವರ್ಷ ವ್ಯಾಕರಣ ಹೇಳಿದ ನಾನೇ ನಿರ್ಣಯಿಸಲಾರದೆ ಹೋದೆ. ಆದಕಾರಣ ಅಸೈನ್‌ಮೆಂಟು ಬರೆಯುವ ರಾತ್ರಿಗಳಲ್ಲಿ ಆಕೆ ಮೋರಿ ದಾಟಿ ನಮ್ಮ ಜಗಲಿಗೆ ಬರುವುದು ರೂಢಿಯಾಯಿತು.

ಒಂದು ಪ್ರಶ್ನೆ ಹೀಗಿತ್ತು: ಹೊಸದಾಗಿ ದಾಖಲಾದ ಮಗುವು ಅಳುತ್ತಿದ್ದಲ್ಲಿ ಶಿಕ್ಷಕಿಯು ಕೈಗೊಳ್ಳಬೇಕಾದ ಕ್ರಮಗಳನ್ನು 250 ಪದಗಳಲ್ಲಿ ವಿವರಿಸಿರಿ. ಟೀಚರಮ್ಮನವರು ಒಂದು ಕ್ಷಣವೂ ಯೋಚಿಸದೆ, ‘ಎತ್ತಿಕೊಂಡು ಹೊರಗೆ ಹೋಗಿ ಕೋಳಿ ತೋರಿಸುತ್ತೇನೆ’ ಎಂದು ಬರೆದು, ಲೇಖನಿಯನ್ನು ಕೆಳಗಿಟ್ಟು, “ಇನ್ನೂ 245 ಪದ ಬೇಕಲ್ಲಾ ಮೇಷ್ಟ್ರೇ, ಏನು ಬರೀಲಿ?” ಎಂದು ಕೇಳಿದರು. ಇಂಥ ಸಂದರ್ಭಕ್ಕಾಗಿಯೇ ಅಲ್ಲವೆ ಪಂಡಿತರು ಹುಟ್ಟಿರುವುದು? ಮಾತೃವಿಯೋಗಜನ್ಯವಾದ ಭಾವನಾತ್ಮಕ ಅಭದ್ರತೆಯಿಂದ ಪೀಡಿತವಾದ ಶಿಶುವನ್ನು ಸ್ಪರ್ಶಸಾಂತ್ವನಪೂರ್ವಕವಾಗಿ ಪರಿಸರದ ಜೀವಂತ ಪ್ರಚೋದಕಗಳತ್ತ ಕ್ರಮಕ್ರಮೇಣ ಅಭಿಮುಖಗೊಳಿಸುವ ವಿಧಾನವನ್ನು ನಾನು ಮೂರು ಪರಿಚ್ಛೇದಗಳಲ್ಲಿ ಹೇಳಿ ಬರೆಯಿಸಿದೆ. ಜೀವಂತ ಪ್ರಚೋದಕವೆಂದರೆ ಕೋಳಿ. ಇಪ್ಪತ್ತಕ್ಕೆ ಹದಿನೆಂಟು ಅಂಕಗಳೂ, ಅಭ್ಯರ್ಥಿಗೆ ಶಿಶುಮನಸ್ಸಿನ ಆಳವಾದ ಪರಿಚಯವಿದೆಯೆಂಬ ಪರೀಕ್ಷಕರ ಷರಾವೂ ಬಂದವು. ನನ್ನ ಮೀಸೆಯನ್ನು ಕಂಡ ಕೂಸು ಅದುವರೆಗೆ ಅಳದಿದ್ದರೂ ಆಗ ಅಳತೊಡಗುವುದೆಂಬುದು ನಮ್ಮ ಬೀದಿಗೆಲ್ಲ ವಿದಿತವಾದ ಸಂಗತಿ. ಆದರೆ ದೂರಶಿಕ್ಷಣಕ್ಕೆ ಮೀಸೆ ಕಾಣಿಸುವುದಿಲ್ಲ.

ದೂರದಲ್ಲಿದ್ದುಕೊಂಡು ಇಷ್ಟೆಲ್ಲವನ್ನು ಸಾಧಿಸಬಹುದೆಂಬ ರಹಸ್ಯವು ಪೂರ್ವಿಕರಿಗೆ ತಿಳಿಯದೆ ಹೋದುದು ಶೋಚನೀಯ. 1939ರಲ್ಲಿ ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸರಿಯವರು ಎಪ್ಪತ್ತರ ಹೊಸ್ತಿಲಲ್ಲಿ ಸಮುದ್ರ ದಾಟಿ ಮದರಾಸಿನ ಅಡ್ಯಾರಿಗೆ ಬಂದರು. ಸುಮಾರು 300 ಮಂದಿ ಶಿಕ್ಷಣಾರ್ಥಿಗಳು ಗರಿಯ ಗುಡಿಸಲುಗಳಲ್ಲಿ ಕಲಿತರು. ಮರುವರ್ಷ ಇಟಲಿಯು ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರವು ಆಕೆಯ ಮಗನನ್ನು ಬಂಧನದಲ್ಲಿಟ್ಟು, ಆಕೆಯ ಓಡಾಟವನ್ನೂ ನಿರ್ಬಂಧಿಸಿತು. ಆದರೂ ಕಲಿಯುವವರು ಆಕೆಯಿದ್ದಲ್ಲಿಗೇ ಹೋದರು. 1945ರಲ್ಲಿ ತಾರಾಬಾಯಿ ಮೋಡಕರು ಅನುತಾಯಿ ವಾಘರೊಡನೆ ಬೋರ್ಡಿಯೆಂಬ ಊರಿನಲ್ಲಿ ಗ್ರಾಮದ ಶಿಶುಗಳಿಗಾಗಿ ಕೆಲಸ ಆರಂಭಿಸಿ, ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲೆಂದು ಆದಿವಾಸಿಗಳ ಹಟ್ಟಿಗಳಿಗೆ ನಡೆದರು. ನಮ್ಮ ಶಿವರಾಮ ಕಾರಂತರಾದರೋ ದೂರದ ಮಕ್ಕಳಿಗೆಂದು ‘ಬಾಲಪ್ರಪಂಚ’ವನ್ನು ಬರೆದರೂ, ಅಷ್ಟಕ್ಕೇ ತೃಪ್ತರಾಗದೆ ಹತ್ತಿರದ ಮಕ್ಕಳಿಗೆಂದು ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ ಅವರೊಡನೆ ಕುಣಿದರು. ಇವರಲ್ಲಿ ಒಬ್ಬರ ಬಳಿಯಾದರೂ ಡಿಟಿಎಚ್ ಇದ್ದಿದ್ದರೆ ಎಷ್ಟೊಂದು ಶ್ರಮ ಉಳಿಯುತ್ತಿತ್ತು!

ಇಷ್ಟು ಹೇಳಿದ ಮಾತ್ರಕ್ಕೆ ನಾನು ದೂರಶಿಕ್ಷಣದ ವೈರಿಯೆಂದು ತಾವು ಭಾವಿಸಕೂಡದು. ಮದುವೆಯಾಗಿ, ಮಕ್ಕಳಾಗಿ, ಅತ್ತೆಯ ಔಷಧಿಗೂ ಎಮ್ಮೆಯ ಹುಲ್ಲಿಗೂ ಹೊಣೆಯಾಗಿ ನಿಂತ ಹೆಂಗಸಿಗೆ ಕಾಲೇಜಿನ ಬಾಗಿಲು ಮುಚ್ಚಿದ ಮೇಲೆ ತೆರೆದ ಬಾಗಿಲು ಇದೊಂದೇ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದಿಂದಲೂ, 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಿಂದಲೂ ಪದವಿ ಪಡೆದು ತಲೆಯೆತ್ತಿ ನಿಂತವರು ನಮ್ಮ ತಾಲ್ಲೂಕಿನಲ್ಲಿಯೇ ಬೇಕಾದಷ್ಟು ಮಂದಿ ಉಂಟು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾವನ್ನು 32 ಕ್ರೆಡಿಟ್‌ಗಳಿಗೆ ಹೊಂದಿಸಿ, ಅದರ ಕಾಲು ಭಾಗವನ್ನು ಪುಟ್ಟ ಮಕ್ಕಳ ನಡುವೆ ಮಾಡಬೇಕಾದ ಪ್ರಾಜೆಕ್ಟಿಗೆ ಮೀಸಲಿರಿಸಿತು. ಪುಸ್ತಕವು ಅಂಚೆಯಲ್ಲಿ ಬಂದೀತು, ಮಗು ಬಾರದು ಎಂಬ ವಿವೇಕ ಅಲ್ಲಿ ಕಾಣುತ್ತದೆ. ಕ್ರೆಡಿಟ್ಟಿಗೆ 30 ಗಂಟೆಗಳ ಓದು ಎಂಬುದು ಆ ವಿಶ್ವವಿದ್ಯಾನಿಲಯದ ಲೆಕ್ಕ. ಒಟ್ಟು 960 ಗಂಟೆಗಳು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಗಳಲ್ಲಿ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾಕ್ಕೆ ಎರಡು ವರ್ಷಗಳ ಅವಧಿಯನ್ನು ವಿಧಿಸಿದೆ. ಕಂಬದ ಮೇಲಿನ ಸಂಸ್ಥೆಗಳು ಆ ಪರಿಷತ್ತಿನ ಹೆಸರನ್ನು ಮರೆತೂ ಎತ್ತುವುದಿಲ್ಲ. ದೋಷವಿರುವುದು ದೂರದಲ್ಲಲ್ಲ. ಕಲಿಯುವವಳಿಗೆ ಹೊತ್ತನ್ನು ಕೊಡದೆ, ಕಲಿತದ್ದನ್ನು ಮಕ್ಕಳ ನಡುವೆ ನೋಡಲು ಬಾರದೆ, ಕಲಿತುದಕ್ಕೆ ಕಾಸನ್ನು ಸೇರಿಸದೆ, ಕಾಗದವನ್ನು ಮಾತ್ರ ಕೊಡುವ ಜಾಣತನದಲ್ಲಿ ಆ ದೋಷವಿದೆ.

ಆದುದರಿಂದ ಮೂರು ಪ್ರಾರ್ಥನೆಗಳು. ಒಂದನೆಯದು, ಓದಿನ ಗಂಟೆಗಳನ್ನು ಕರ್ತವ್ಯದ ಗಂಟೆಗಳೆಂದೇ ಪರಿಗಣಿಸತಕ್ಕದ್ದು. ರಾತ್ರಿ ಎರಡೆರಡು ಗಂಟೆ ಓದಿದರೂ 960 ಗಂಟೆಗಳಿಗೆ 480 ರಾತ್ರಿಗಳಾಗುತ್ತವೆ; ಮತದಾರರ ಪಟ್ಟಿಯನ್ನೂ ಸಮೀಕ್ಷೆಗಳನ್ನೂ ಟೀಚರಮ್ಮನ ಕೈಯಿಂದ ತೆಗೆದು, ಓದನ್ನು ಹಗಲಿಗೆ ತರಬೇಕು. ಎರಡನೆಯದು, ಪರೀಕ್ಷಕರೇ ಅಂಗನವಾಡಿಗೆ ಬರತಕ್ಕದ್ದು. ಬೇರೆ ವಿದ್ಯಾರ್ಥಿಗಳು ಹುಡುಕಿಕೊಂಡು ಹೋಗಬೇಕಾದ ಪ್ರಯೋಗಶಾಲೆಯು ಆಕೆಗೆ ದಿನಬೆಳಗಾದರೆ ಸಿದ್ಧವಾಗಿ ಅಳುತ್ತಿರುತ್ತದೆ. ಹೊಸ ಮಕ್ಕಳು ಸೇರುವ ಜೂನ್ ತಿಂಗಳ ಒಂದು ಬೆಳಗ್ಗೆ ಅಲ್ಲಿ ಕುಳಿತು ನೋಡಿದರೆ 250 ಪದಗಳ ಅಗತ್ಯ ಬೀಳುವುದಿಲ್ಲ. ಮೂರನೆಯದು, ಸರ್ಟಿಫಿಕೇಟಿನ ಬೆನ್ನಿಗೆ ಸಂಬಳವೂ ಏರತಕ್ಕದ್ದು. ಕೇಂದ್ರ ಸರ್ಕಾರವು 2018ರಲ್ಲಿ ತಿಂಗಳಿಗೆ 4500 ರೂಪಾಯಿಗೆ ಏರಿಸಿದ ಗೌರವಧನವೂ, ಅದರ ಮೇಲೆ ರಾಜ್ಯವು ಸೇರಿಸುವ ಪಾಲೂ ಆಕೆಯ ವರಮಾನ. ಅಂಗನವಾಡಿಯ ಈ ತಾಯಂದಿರಿಗೆ ಗ್ರಾಚ್ಯುಟಿ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತದ್ದು 2022ರಲ್ಲಿ, ಅಂದರೆ ಯೋಜನೆ ಆರಂಭವಾಗಿ 46 ವರ್ಷಗಳು ದಾಟಿದ ಮೇಲೆ. ಸಂಬಳದ ವಿಚಾರಕ್ಕೂ ಅಷ್ಟೇ ಕಾಲ ಹಿಡಿಯುವುದಾದರೆ, ಇಂದು ಹಾಲು ಕುಡಿಯುತ್ತಿರುವ ಮಕ್ಕಳು ನಿವೃತ್ತಿಯ ಅಂಚಿನಲ್ಲಿ ಅದರ ಸುದ್ದಿಯನ್ನು ಕೇಳುವರು.

ಈ ಮೂರೂ ಅಸಾಧ್ಯವೆಂದು ತಮ್ಮ ಆರ್ಥಿಕ ಶಾಖೆಯು ಟಿಪ್ಪಣಿ ಬರೆದಲ್ಲಿ, ನ್ಯಾಯಸಮ್ಮತವಾದ ಇನ್ನೊಂದು ಮಾರ್ಗವುಂಟು. ಅಂಕಗಳು ಬಂದಿರುವುದು ನನ್ನ ಉತ್ತರಗಳಿಗೆ. ಶಿಶುಮನಸ್ಸಿನ ಆಳವಾದ ಪರಿಚಯವಿರುವುದು ನನಗೆಂದೇ ಲಿಖಿತವಾಗಿ ಸಿದ್ಧವಾಗಿದೆ. ಆದಕಾರಣ ಸರ್ಟಿಫಿಕೇಟನ್ನು ನನ್ನ ಹೆಸರಿಗೇ ಮಾಡಿ, ಬರುವ ಜೂನ್ ತಿಂಗಳಿಂದ ನಮ್ಮ ಬೀದಿಯ ಅಂಗನವಾಡಿಗೆ ನನ್ನನ್ನೇ ಅರ್ಹ ಶಿಕ್ಷಕನೆಂದು ನೇಮಿಸಿಕೊಳ್ಳಬೇಕಾಗಿ ಕೋರುತ್ತೇನೆ. ಕರ್ತವ್ಯವನ್ನು ನಮ್ಮ ಜಗಲಿಯ ಮೇಲಿಂದ, ತಮಗೆ ಪ್ರಿಯವಾದ ದೂರಮಾಧ್ಯಮದಲ್ಲಿಯೇ ನಿರ್ವಹಿಸುವೆನು. ಎತ್ತಿಕೊಳ್ಳುವ ಕೆಲಸವನ್ನು ಅನರ್ಹರಾದ ಟೀಚರಮ್ಮನವರು ಎಂದಿನಂತೆ ನೋಡಿಕೊಳ್ಳುತ್ತಾರೆ. ಜೀವಂತ ಪ್ರಚೋದಕವೊಂದನ್ನು ಮಾತ್ರ ಇಲಾಖೆಯ ವತಿಯಿಂದಲೇ, ಕಾಳಿನ ಖರ್ಚೂ ಸೇರಿದಂತೆ, ಮಂಜೂರು ಮಾಡತಕ್ಕದ್ದು.

ಇತಿ,
ತಮ್ಮ ವಿಧೇಯ,
ಮೋರಿಯಾಚೆಯ ಪಂಡಿತ