ಹೊದಿಕೆ ರಾಯರು

ನಮ್ಮ ಜಯನಗರದ ಬೀದಿಯಲ್ಲಿ ರಾಯರ ಕಾರಿನ ಬಣ್ಣ ಯಾವುದೆಂದು ಕೇಳಿ, ಎಲ್ಲರೂ ಬೆಳ್ಳಿ ಬಣ್ಣ ಅನ್ನುತ್ತಾರೆ. ಅದು ಕವರಿನ ಬಣ್ಣ. ಕಾರು ಕೆಂಪು ಎಂಬುದು ಆಯುಧಪೂಜೆಯ ದಿನ ಬೂದುಗುಂಬಳ ಒಡೆಯುವಾಗ ಹಾಜರಿದ್ದವರಿಗಷ್ಟೇ ಗೊತ್ತು.

ಇಂಥವರು ಬೀದಿಗೊಬ್ಬರಾದರೂ ಇರುತ್ತಾರೆ. ಕಾರನ್ನು ಮಗ ಹೇಳಿದ್ದಕ್ಕೆ ಕೊಂಡಿರುತ್ತಾರೆ. ಕವರನ್ನು ಮಾತ್ರ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಹತ್ತಿಳಿದು, ಒಳಗೆ ಮೆತ್ತನೆ ಅಸ್ತರಿ ಇದೆಯೇ, ಕನ್ನಡಿಗೆ ಜೇಬು ಹೊಲಿದಿದ್ದಾರೆಯೇ, ಗಾಳಿಗೆ ಹಾರದಂತೆ ಕೆಳಗೆ ಪಟ್ಟಿ ಇದೆಯೇ ಎಂದು ಹಿಂಜಿ ನೋಡಿ ತಂದಿರುತ್ತಾರೆ. "ಬರೀ ಪ್ಲಾಸ್ಟಿಕ್ ಬೇಡ ಸ್ವಾಮಿ. ಒಳಗಿನ ತೇವ ಆಚೆ ಹೋಗಲ್ಲ, ಬಣ್ಣ ಗುಳ್ಳೆ ಏಳುತ್ತೆ" ಎಂದು ರಾಯರು ಕಾರಿಲ್ಲದ ನನಗೂ ಬುದ್ಧಿ ಹೇಳಿದ್ದಾರೆ.

ಅದನ್ನೂ ಸಹಿಸಬಹುದು. ಸಹಿಸಲಾಗದ್ದು, ಆಫೀಸಿಗೆ ಹೊರಟವನನ್ನು ಗೇಟಿನಲ್ಲಿ ಹಿಡಿದು, "ಒಂದ್ನಿಮಿಷ, ಆ ತುದಿ ಹಿಡ್ಕೊಳ್ಳಿ" ಅನ್ನುವುದು. ಹಿಡಿದರೆ ಆಯಿತೇ? ಮೊದಲು ಕಾರು ಒರೆಸಬೇಕು. ಧೂಳಿನ ಮೇಲೆ ಕವರ್ ಎಳೆದರೆ ಅದೇ ಮರಳುಕಾಗದವಂತೆ. ಆಮೇಲೆ ಸೈಲೆನ್ಸರ್ ತಣ್ಣಗಾಗಬೇಕು, ಇಲ್ಲದಿದ್ದರೆ ಬಟ್ಟೆ ಕರಗುತ್ತದೆ. ಅದು ತಣ್ಣಗಾಗುವವರೆಗೆ ಪಾರಿವಾಳದ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲದ ಮೇಲೆ ಉಪನ್ಯಾಸ. ಕಡೆಗೆ ಹೊದಿಸಿ ನೋಡಿದರೆ ಕನ್ನಡಿಯ ಜೇಬು ಡಿಕ್ಕಿಯ ಹತ್ತಿರ! "ಉಲ್ಟಾ ಆಯ್ತು, ತಿರುಗಿಸೋಣ." ತಿರುಗಿಸುವಷ್ಟರಲ್ಲಿ ಹೊಂಗೆ ಮರ ಒಂದು ಬೊಗಸೆ ಹೂವು ಸುರಿಯುತ್ತದೆ. ಮತ್ತೆ ಒರೆಸು. ಅಷ್ಟರಲ್ಲಿ ನನ್ನ ಬಸ್ಸು ಮುಂದಿನ ಸ್ಟಾಪು ದಾಟಿರುತ್ತದೆ.

ಹೊರಗಿನ ಶತ್ರುಗಳನ್ನೆಲ್ಲ ಹೀಗೆ ತಡೆದಿರುವಾಗ, ಒಳಗೆ ಬೆಚ್ಚಗೆ ಸಂಸಾರ ಹೂಡಿದ ಇಲಿ ವೈರು ಕಡಿಯಿತು. ಬ್ಯಾಟರಿಯೂ ಕೂತಿತ್ತು. "ಆಗಾಗ ಓಡಿಸಿ ಸಾರ್, ಎರಡೂ ಸರಿಹೋಗುತ್ತೆ" ಅಂದ ಮೆಕ್ಯಾನಿಕ್. ರಾಯರು ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಟ್ಟರು.

ನಗುವ ಹಕ್ಕು ನನಗೂ ಪೂರ್ತಿ ಇಲ್ಲ. ನಮ್ಮ ಟಿ.ವಿ. ರಿಮೋಟು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಅಂಕಿ ಕಾಣದೆ ವಾರ್ತೆಗೆ ಒತ್ತಿದರೆ ಧಾರಾವಾಹಿ ಬರುತ್ತದೆ. ಮೇಲಾಗಿ ರಾಯರದು ಬಜಾಜ್ ಚೇತಕ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಾಲ. "ಬುಕ್ ಮಾಡಿದಾಗ ಬ್ರಹ್ಮಚಾರಿ. ಸ್ಕೂಟರ್ ಬಂದಾಗ ಮುಂದೆ ನಿಲ್ಲಿಸ್ಕೊಳ್ಳೋಕೆ ಮಗ ಇದ್ದ" ಅನ್ನುತ್ತಾರೆ. ಹಾಗೆ ಕಾದು ಪಡೆದವರ ಕೈ ಯಾವ ವಸ್ತುವನ್ನೂ ಸಸಾರವಾಗಿ ಮುಟ್ಟುವುದಿಲ್ಲ. ಬೆಳಿಗ್ಗೆ ತರಿಸಿ ಸಂಜೆ ಹಿಂದಿರುಗಿಸುವ ನಮಗೆ ಅದು ತಿಳಿಯಬೇಕು. ಆದರೆ ನಾಳೆಗೆಂದು ಮುಚ್ಚಿಟ್ಟದ್ದಕ್ಕೂ ವಯಸ್ಸಾಗುತ್ತದೆ, ಮುಚ್ಚಿಟ್ಟವರಿಗೂ.

ಇದನ್ನೇ ಮೆಲ್ಲಗೆ ರಾಯರ ಕಿವಿಗೆ ಹಾಕಿದೆ. ಅವರು ಗಂಭೀರವಾಗಿ ತಲೆದೂಗಿ, "ನಿಜ ಸ್ವಾಮಿ. ಭಾನುವಾರ ನಂದಿಬೆಟ್ಟಕ್ಕೆ ಹೋಗೇಬಿಡೋಣ" ಅಂದರು.

"ಕಾರಲ್ಲಾ?"

"ಛೆ! ಅಲ್ಲಿ ಕೋತಿಗಳು. ಕವರ್ ಹರಿದುಬಿಡ್ತಾವೆ. ಬಸ್ಸಲ್ಲಿ."