ಪಾರ್ಥೇನಿಯಂ ರಾಯರು

ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಬ್ಬ ಪಾರ್ಥೇನಿಯಂ ರಾಯರು ಇರುತ್ತಾರೆ. ನಿವೃತ್ತರು. ತಲೆಗೆ ಮಂಕಿಟೋಪಿ, ಕೈಯಲ್ಲೊಂದು ಕೋಲು. ಕೋಲಿರುವುದು ಊರಿ ನಡೆಯಲಿಕ್ಕಲ್ಲ, ತೋರಿಸಲಿಕ್ಕೆ. ಪಾರ್ಥೇನಿಯಂ ಕಳೆ ಎದ್ದ ಖಾಲಿ ಸೈಟು ಕಂಡರೆ ಸಾಕು, ಕೋಲು ತಾನಾಗಿ ಮೇಲೇಳುತ್ತದೆ. ಹಾಲು ಕೊಂಡು ಮನೆಗೆ ಹೊರಟ ಬಡಪಾಯಿ ಅಲ್ಲೇ ನಿಲ್ಲಬೇಕು.

“ಐವತ್ತರ ದಶಕದಲ್ಲಿ ಪುಣೆಯಲ್ಲಿ ಕಂಡದ್ದು ಸ್ವಾಮಿ! ಅಮೆರಿಕದ ಗೋಧಿ ಜೊತೆ ಬಂತು ಅಂತಾರೆ. ಒಂದೊಂದು ಗಿಡಕ್ಕೆ 15,000 ಬೀಜ!”

ಹಾಲು ಒಡೆಯುವ ಹೊತ್ತಿಗೆ ರಾಯರು 1984ಕ್ಕೆ ಬಂದಿರುತ್ತಾರೆ. ಈ ಕಳೆಯನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟ ವರ್ಷ ಅದು. ಮಳೆಗಾಲದಲ್ಲಿ ಎಲೆ ಮೇಯ್ದು, ಆಮೇಲೆ ಮಣ್ಣೊಳಗೆ ಮಲಗಿಬಿಡುವ ಆ ಹುಳವನ್ನು ಅವರು “ಸರ್ಕಾರಿ ನೌಕರ” ಎಂದು ಬೈಯುತ್ತಾರೆ. (ಅವರಿಗೆ ಪೆನ್ಷನ್ ಬರುವುದೂ ಸರ್ಕಾರದಿಂದಲೇ.)

ವರ್ಷಕ್ಕೊಂದು ಭಾನುವಾರ ನಿರ್ಮೂಲನಾ ಅಭಿಯಾನ. ಬ್ಯಾನರ್ ಅಚ್ಚಾಗಿ, ಮುಖ್ಯ ಅತಿಥಿಗೆ ಬಿಡುವಾಗುವಷ್ಟರಲ್ಲಿ ಸೈಟು ಪೂರ್ತಿ ಬೆಳ್ಳಗೆ ಹೂಬಿಟ್ಟಿರುತ್ತದೆ. ಫೋಟೊಗೆ ಒಳ್ಳೆಯದೇ. ಕೈಗವಸು ಕೊಟ್ಟರೆ ರಾಯರು “ರೈತನ ಮಗ ನಾನು” ಎನ್ನುತ್ತಾರೆ. ಮರುದಿನದಿಂದ ರೈತನ ಮಗ ಮೊಣಕೈವರೆಗೆ ಕ್ಯಾಲಮೈನ್ ಬಳಿದುಕೊಂಡು ಪರಪರ ಕೆರೆದುಕೊಳ್ಳುತ್ತಿರುತ್ತಾನೆ. ಕಿತ್ತದ್ದೆಲ್ಲ ಎಲ್ಲಿಗೆ? ಗೋಡೆಯಾಚೆಯ ಇನ್ನೊಂದು ಖಾಲಿ ಸೈಟಿಗೆ. ಅದರ ಮಾಲೀಕ ಟೆಕ್ಸಾಸ್‌ನಲ್ಲಿದ್ದಾನೆ. “ಅಮೆರಿಕದ ಗಿಡ ಅಮೆರಿಕದವರಿಗೇ ಇರಲಿ” ಎಂದು ರಾಯರು ಕೈ ಒದರುತ್ತಾರೆ. ಬೀಜಕ್ಕೆ ಅಷ್ಟೇ ಬೇಕಿತ್ತು.

ಇನ್ನು ಸ್ವಂತ ಕಾಂಪೌಂಡು. ಅಲ್ಲಿ ಹಳದಿ ಹೂವಿನ ವೆಡೇಲಿಯಾ ಹಬ್ಬಿಸಿದ್ದಾರೆ. ಗೆಣ್ಣು ನೆಲಕ್ಕೆ ತಾಗಿದಲ್ಲೆಲ್ಲ ಬೇರುಬಿಟ್ಟು ಅದು ಗೇಟಿನಡಿ ನುಸುಳಿ, ಚರಂಡಿ ದಾಟಿ, ಈಗ ಪಾರ್ಕಿನ ಗರಿಕೆಯನ್ನು ನುಂಗುತ್ತಿದೆ. ಇದೂ ಅಮೆರಿಕ ಖಂಡದ ಕಡೆಯಿಂದಲೇ ಬಂದ ಕಳೆಯಲ್ಲವೇ ಎಂದು ಕೇಳಿದರೆ ರಾಯರಿಗೆ ನಿಜಕ್ಕೂ ನೋವಾಗುತ್ತದೆ.

“ನರ್ಸರಿಯಲ್ಲಿ ದುಡ್ಡು ಕೊಟ್ಟು ತಂದದ್ದು ಕಣ್ರೀ!”

ದುಡ್ಡು ಕೊಟ್ಟದ್ದು ಕಳೆ ಹೇಗಾದೀತು?

ರಾಯರ ಇತಿಹಾಸದಲ್ಲಿ ದೋಷವಿಲ್ಲ, ಪಂಚಾಂಗದಲ್ಲಿದೆ. ನಿಮ್ಮ ಮನೆ ಪಕ್ಕದಲ್ಲೂ ಪಾರ್ಥೇನಿಯಂ ಎದ್ದಿದ್ದರೆ, ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂವು ಮೂಡುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕಿತ್ತುಬಿಡಿ. ರಾಯರಿಗೆ ಮಾತ್ರ ಹೇಳಬೇಡಿ; ಬ್ಯಾನರ್ ಬರುವತನಕ ಕಾಯಿಸುತ್ತಾರೆ.